ಊಟ ಆಯಿತೇ ಎಂದು ಕೇಳಿದ ಹುಡುಗಿಗೆ ಅಂಕ ಕಡಿದ ಯಂತ್ರಕ್ಕೆ

ಇಂಗ್ಲಿಷ್ ಮೌಖಿಕ ಪರೀಕ್ಷೆಯ ಮಾನ್ಯ ಯಂತ್ರ ಮಹೋದಯರೇ,

ಹಳಿಯಾಳ ತಾಲೂಕು ಸಾಂಬ್ರಾಣಿಯಿಂದ ಕುಬೇರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಯಾವ ಊರಿನ ಯಾವ ತಂಪು ಕೋಣೆಯಲ್ಲಿ ವಾಸವಾಗಿದ್ದೀರೋ ತಿಳಿಯದು. ಎಲ್ಲಿದ್ದರೂ ಕರೆಂಟು ಹೋಗದಿರಲಿ, ನೆಟ್‌ವರ್ಕ್ ತುಂಬಿರಲಿ, ಇಲಿಗಳು ತಮ್ಮ ವೈರಿನ ಗೊಡವೆಗೆ ಬಾರದಿರಲಿ ಎಂದು ಮೊದಲಿಗೆ ಹಾರೈಸುತ್ತೇನೆ. ಊರೆಲ್ಲ ಓದುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ವಿಳಾಸ ಕೇಳಿದರೆ ಯಾರೂ ಹೇಳಲಿಲ್ಲ.

ನಾನು ಹತ್ತನೇ ತರಗತಿಯನ್ನು ನಡುವೆಯೇ ಬಿಟ್ಟವನು. ಆಮೇಲೆ ಹಳಿಯಾಳದಲ್ಲಿ ಪಂಕ್ಚರ್ ಅಂಗಡಿ, ದಾಂಡೇಲಿಯಲ್ಲಿ ಪ್ರವಾಸಿಗರ ರಬ್ಬರ್ ದೋಣಿಗೆ ಗಾಳಿ ತುಂಬುವ ಕೆಲಸ, ಈಗ ಮುಂಡಗೋಡದ ಕಡೆ ಓಡುವ ಟೆಂಪೊ. ಒಂದು ಕಡೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ನನ್ನ ತಂಗಿ ಮಾಯಾ ಹಾಗಲ್ಲ. ಐದನೇ ತರಗತಿಯ ಆ ಹುಡುಗಿಗೆ ಇಂಗ್ಲಿಷ್ ಎಂದರೆ ಬೆಲ್ಲ. ವಸತಿ ಶಾಲೆಯೊಂದರಲ್ಲಿ ಅವಳಿಗೆ ಸೀಟು ಸಿಗಬೇಕಾದರೆ ತಮ್ಮಿಂದ ಮೂರನೆಯ ಹಂತ ಬರಬೇಕಿತ್ತು. ತಾವು ದಯಪಾಲಿಸಿದ್ದು ಒಂದು ಮೆಟ್ಟಿಲು ಕೆಳಗಿನ ಎರಡನೆಯದು.

ಉಚ್ಚಾರಣೆಗೆ ಚೆನ್ನಾಗಿಯೇ ಕೊಟ್ಟಿದ್ದೀರಿ. ಪದಗಳಿಗೆ ಇನ್ನೂ ಚೆನ್ನಾಗಿ ಕೊಟ್ಟಿದ್ದೀರಿ. 'ನಿರರ್ಗಳತೆ' ಎಂಬ ಕಡೆ ಬಂದಾಗ ಮಾತ್ರ ತಮ್ಮ ಕೈ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಹತ್ತು ಮನೆಗೆ ಕೇಳುವಂತೆ ಮಾತಾಡುವ ನನ್ನ ತಂಗಿಗೆ ಮಾತು ತಡೆಯುತ್ತದೆ ಎಂದರೆ ನಮ್ಮ ಓಣಿಯ ನಾಯಿಯೂ ನಂಬುವುದಿಲ್ಲ. ಆದ್ದರಿಂದ ತಾವು ಅಂಕ ಕೊಡುವ ಬಗೆಯನ್ನು ಅರಿಯಲೆಂದು ನಾನು ಶಾಲೆ ಬಿಟ್ಟ ಮೇಲೆ ಮೊದಲ ಸಲ ಶಾಲೆಯ ಮೆಟ್ಟಿಲು ಹತ್ತಿದೆ. ಪರೀಕ್ಷೆಯ ದಿನ ಕೋಣೆಯಲ್ಲೇ ಇದ್ದ ವಿದ್ಯಾವತಿ ಟೀಚರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ನಡೆದದ್ದನ್ನು ಹೇಳಿದರು.

ತಾವು ಕಿವಿಗೆ ಹಾಕಿದ ಹೆಡ್‌ಫೋನಿನೊಳಗಿನಿಂದ ಇಂಗ್ಲಿಷಿನಲ್ಲಿ 'ಹೇಗಿದ್ದೀ' ಎಂದು ಕೇಳಿದಿರಂತೆ. ಮಾಯಾ ಅದೇ ಭಾಷೆಯಲ್ಲಿ, ಚೆನ್ನಾಗಿದ್ದೇನೆ, ತಮ್ಮ ಊಟ ಆಯಿತೇ ಎಂದು ಕೇಳಿ ತಮ್ಮ ಉತ್ತರಕ್ಕೆ ಕಾದಳಂತೆ. ತಾವು ಬಾಯಿ ಬಿಡಲಿಲ್ಲ. ನಂತರ ತಾಯಿಯ ಬಗ್ಗೆ ಹೇಳು ಎಂದಿರಿ. ನಮ್ಮವ್ವ ಮಣಿಬಾಯಿ, ಭತ್ತದ ಗದ್ದೆಗೆ ಹೋಗುತ್ತಾಳೆ, ರೊಟ್ಟಿ ಚೆನ್ನಾಗಿ ಬಡಿಯುತ್ತಾಳೆ ಎಂದೆಲ್ಲ ಹೇಳಿ, ತಮ್ಮ ತಾಯಿ ಹೇಗಿದ್ದಾರೆ ಎಂದು ಕೇಳಿದಳು. ಮತ್ತೆ ಮೌನ. ಪಾಪ, ತಮಗೆ ತಾಯಿ ಇಲ್ಲವೇನೋ, ಕೇಳಬಾರದ್ದನ್ನು ಕೇಳಿದೆನೇನೋ ಎಂದು ಮರುಗಿದ ಹುಡುಗಿ ಆಮೇಲಿನ ಪ್ರಶ್ನೆಗೂ ಒಂದಿಷ್ಟು ಹೊತ್ತು ತಲೆ ತಗ್ಗಿಸಿ ಸುಮ್ಮನೆ ಕೂತಳು. ತಾವು ನಿರರ್ಗಳತೆಯಲ್ಲಿ ಕಡಿದದ್ದು ಆ ಸಂತಾಪವನ್ನು, ಮಹೋದಯರೇ.

“ಕೇಳಿದ ಮ್ಯಾಲ ಅವರು ಹೇಳೂಮಟ ತಡೀಬೇಕಲ್ಲೋ ಅಣ್ಣಾ, ನಡುವ ಹೆಂಗ ಬಾಯಿ ಹಾಕ್ಲಿ?” ಎಂದು ಅವಳು ನನ್ನನ್ನೇ ಕೇಳುತ್ತಾಳೆ.

ತಾವು ಕಲಿತ ಬಗೆಯನ್ನೂ ಟೀಚರು ವಿವರಿಸಿದರು. ಮೊದಲು ಬಹಳಷ್ಟು ಮಕ್ಕಳ ಧ್ವನಿಯನ್ನು ಮನುಷ್ಯರೇ ಕೇಳಿ ಅಂಕ ಹಾಕಿದರಂತೆ, ಅದನ್ನು ನೋಡಿ ನೋಡಿ ತಾವೂ ಹಾಗೆಯೇ ಹಾಕಲು ಕಲಿತಿರಂತೆ. ಮಾತಿನ ನಡುವಿನ ಖಾಲಿ ಜಾಗವನ್ನು ಅಳೆದು, ಅದು ಹೆಚ್ಚಿದಷ್ಟೂ ಅಂಕ ಇಳಿಸುತ್ತೀರಂತೆ. ಎಂಥ ಅದ್ಭುತ ವಿದ್ಯೆ! ಒಂದೇ ಸಂದೇಹ. ತಮ್ಮ ಗುರುಗಳಾದ ಆ ಮಕ್ಕಳಲ್ಲಿ ನಮ್ಮ ಕಡೆಯ ತೇರಗಾಂವದ್ದೋ ಕುಂಬಾರವಾಡದ್ದೋ ಒಂದು ಕೂಸೂ ಇರಲಿಲ್ಲವೇ? ಇದ್ದಿದ್ದರೆ, ಎರಡು ಮಂದಿ ಮಾತಿಗೆ ಕೂತಾಗ ಹುಟ್ಟುವ ಮೌನದಲ್ಲಿ ಅರ್ಧ ಎದುರಿನವರದ್ದು ಎಂಬುದು ತಮಗೆ ತಿಳಿಯುತ್ತಿತ್ತು. ಇಡೀ ಮೌನವನ್ನು ತಂಗಿಯ ತಲೆಗೆ ಕಟ್ಟಿದ್ದೀರಿ.

“ಕುಬೇರ, ಅದು ಮಷೀನಪಾ, ಅದಕ್ಕೆಲ್ಲಿ ಊಟ!” ಎಂದರು ಟೀಚರು.

“ಹಂಗಾರ ಅದು ಹೆಂಗಿದ್ದೀ ಅಂತ ಯಾಕ ಕೇಳತೈತ್ರೀ? ಹೇಳಿದ್ರ ಅದಕ್ಕೇನ ಆಗೂದೈತಿ?” ಎಂದೆ. ಟೀಚರು ನಗು ನಿಲ್ಲಿಸಿ ಮರುಪರೀಕ್ಷೆಯ ಅರ್ಜಿ ತೆಗೆದುಕೊಟ್ಟರು.

ಮರುಪರೀಕ್ಷೆ ಕೊಡುವುದಕ್ಕೆ ಮೂರೇ ಕಾರಣಗಳನ್ನು ಒಪ್ಪುತ್ತಾರಂತೆ: ಮಗುವಿಗೆ ಜ್ವರ, ಕರೆಂಟು ಹೋಗುವುದು, ಯಂತ್ರದ ದೋಷ. “ಜ್ವರಾ ಅಂತ ಬರದ ಬಿಡು, ಯಾರ ನೋಡ್ತಾರ?” ಎಂದು ಶಾಲೆಯ ಗುಮಾಸ್ತರು ಉಪಕಾರ ಮಾಡಲು ಬಂದರು. ಅಂದು ಬೆಳಿಗ್ಗೆ ನನ್ನ ಪಾಲಿನ ರೊಟ್ಟಿಯನ್ನೂ ತಿಂದು ಹೋದವಳಿಗೆ ಜ್ವರ ಬಂತೆಂದು ನಾನು ಹೇಗೆ ಬರೆಯಲಿ? ಹತ್ತನೇ ತರಗತಿ ಬಿಟ್ಟದ್ದಕ್ಕೂ ಹೊಟ್ಟೆನೋವು ಎಂದು ಹೇಳದೆ, ಬೇಸರ ಬಂತು ಎಂದೇ ಹೇಳಿ ಬಂದವನು ನಾನು. ಯಂತ್ರದ ದೋಷ ಎಂಬಲ್ಲಿ ಗುರುತು ಹಾಕಿ, 'ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ' ಎಂದು ವಿವರ ಬರೆದೆ. ತಾವು ಕೆಟ್ಟಿದ್ದೀರೆಂದು ಮೇಲಿನವರು ಕೂಡಲೇ ನಂಬಿದ್ದಾರೆ. ಸೋಮವಾರ ಮರುಪರೀಕ್ಷೆ.

ಆಮೇಲೆ ನಾನೊಂದು ಹುಚ್ಚು ಕೆಲಸ ಮಾಡಿದೆ. ತಮಗೆ ಒಪ್ಪುವಂತೆ ತಂಗಿಯನ್ನು ತಿದ್ದಲು ಕೂತೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ತಿರುಗಿ ಏನನ್ನೂ ಕೇಳಬೇಡ ಎಂದು ಬೆಳಗೂ ಸಂಜೆಯೂ ಪಾಠ. ಜಾಣೆ, ಬೇಗ ಕಲಿತಳು. ಪಕ್ಕದ ಮನೆಯ ಹೊಳೆವ್ವಜ್ಜಿ ಬಂದು “ಹೆಂಗದೀ ಯವ್ವಾ?” ಎಂದಾಗ, “ಚೊಲೊ ಅದೇನಿ” ಎಂದು ಬಾಯಿ ಮುಚ್ಚಿದಳು. ಅಜ್ಜಿ ಮಾಡಿಟ್ಟ ಚಹಾ ಕುಡಿಯದೆ ಹೊರಟಿತು. ನಳದ ಹತ್ತಿರ ನಮ್ಮವ್ವನನ್ನು ತಡೆದು, “ನನ್ನಿಂದ ಏನರ ತಪ್ಪಾಗೇತೇನ ಮಣಿಬಾಯಿ? ನಿನ್ನ ಮಗಳು ಉಂಡ್ಯಾ ಅಂತನೂ ಕೇಳಲಿಲ್ಲ” ಎಂದಿತಂತೆ.

ಅವ್ವ ನನಗೆ ಬೈದ ಬೈಗುಳವನ್ನು ಇಲ್ಲಿ ಬರೆದರೆ ತಮ್ಮ ಪದಸಂಪತ್ತು ಬೆಳೆಯುತ್ತದೆ, ಆದರೆ ಬೇಡ. ಮಾಯಾ ಬರಿಗಾಲಲ್ಲೇ ಅಜ್ಜಿಯ ಮನೆಗೆ ಓಡಿದಳು. ತಿರುಗಿ ಬಂದವಳು ಸೊಂಟದ ಮೇಲೆ ಕೈಯಿಟ್ಟು, “ಸೋಮವಾರ ನಾ ಕೇಳಾಕೀನ ಅಣ್ಣಾ. ಬೇಕಾರ ಜಲ್ದಿ ಜಲ್ದಿ ಕೇಳ್ತೇನಿ” ಎಂದಳು. ಅವಳಿಗೆ ಆ ಸೀಟು ಬೇಕು, ಬಹಳ ಬೇಕು. ಹಾಸಿಗೆಯ ಮಗ್ಗುಲಲ್ಲಿ ಆ ಶಾಲೆಯ ಚಿತ್ರ ಅಂಟಿಸಿಕೊಂಡಿದ್ದಾಳೆ. ಅಷ್ಟು ಬೇಕಾಗಿದ್ದೂ ಹಾಗೆಂದಳು. ನನ್ನ ಪಾಠಶಾಲೆ ಅಲ್ಲಿಗೆ ಮುಚ್ಚಿತು.

ಆದಕಾರಣ ಕಲಿಯುವ ಸರದಿ ತಮ್ಮದು. ಸೋಮವಾರದೊಳಗೆ ತಾವು ಸಾಂಬ್ರಾಣಿಗೆ ದಯಮಾಡಿಸಿ, ಹೊಳೆವ್ವಜ್ಜಿಯ ಕಟ್ಟೆಯ ಮೇಲೆ ಒಂದು ಸಂಜೆ ಕೂತು, ಹೋಗಿ ಬರುವವರಿಗೆಲ್ಲ ಉತ್ತರ ಕೊಟ್ಟು ರೂಢಿ ಮಾಡಿಕೊಳ್ಳಬೇಕು. ತಮ್ಮನ್ನು ನನ್ನ ಟೆಂಪೊದಲ್ಲಿ ಮುಂದಿನ ಸೀಟಿನಲ್ಲೇ ಕರೆತರುತ್ತೇನೆ. ಬರಲು ಬಿಡುವಿಲ್ಲವೆಂದರೆ, ತಂಗಿ ಕೇಳಿದಾಗ ಒಂದು 'ಹೂಂ' ಆದರೂ ಅನ್ನಿ. ಅವಳು ಅಲ್ಲಿಂದ ಮುಂದಕ್ಕೆ ತಾನೇ ನಡೆಸಿಕೊಂಡು ಹೋಗುತ್ತಾಳೆ.

ಇಷ್ಟಾದರೂ ತಮ್ಮ ಮೇಲೆ ಆಸೆ ಬಿಡದ,
ತಮ್ಮ ವಿಶ್ವಾಸಿ
ಕುಬೇರ

ತಾ.ಕ.: ಸೋಮವಾರವೂ ತಾವು ಮೌನವ್ರತದಲ್ಲಿದ್ದರೆ, ಕಿಟಕಿಯ ಹೊರಗೆ ನಿಂತು ತಮ್ಮ ಪರವಾಗಿ ನಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಉತ್ತರ ಕೊಡಲಿದ್ದೇನೆ, ಕದ್ದು ಮಾಡುವ ಅಭ್ಯಾಸ ಇಲ್ಲದ್ದರಿಂದ ಮೊದಲೇ ತಿಳಿಸಿದ್ದೇನೆ. ನನ್ನ ಇಂಗ್ಲಿಷ್ ಎಂಥದೆಂದು ವಿದ್ಯಾವತಿ ಟೀಚರು ಬಲ್ಲರು. ತಮ್ಮ ಹೆಸರಿನಲ್ಲಿ ಅದು ದಾಖಲಾಗುವುದನ್ನು ನೆನೆದು ಅವರು ಈಗಲೇ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಾರೆ.