ದೊಡ್ಡ ಮಾವನ ಮನೆಯ ಹಾಲೆಂಡ್ ಊಟ

ದಿನಾ ಬೆಳಿಗ್ಗೆ ತಾನು ಮುಖ ತೊಳೆಯುವ ಮೊದಲು ಒಂದು ನಿಂಬೆಹಣ್ಣಿನ ಮುಖ ಒರೆಸುವ ಗಂಡಸನ್ನು ನೀವು ನೋಡಿದ್ದೀರಾ? ನಮ್ಮ ಬಳಗದಲ್ಲಿ ಒಬ್ಬರಿದ್ದರು. ನನ್ನ ದೊಡ್ಡ ಸೋದರಮಾವ! ನಿಂಬೆಹಣ್ಣು ನಿಜವಾದದ್ದಲ್ಲ, ಪಡಸಾಲೆಯ ಗೋಡೆಗಿದ್ದ ಚಿತ್ರದ್ದು. ಹೊಸಪೇಟೆಯಲ್ಲಿ ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ ಅದು. ಬಿಳಿ ಅಂಗಿ, ಬಿಳಿ ನಾಯಿ, ಬಿಳಿ ಗೋಡೆ ಯಾವುದೂ ಬಿಳಿಯಾಗಿ ಉಳಿದಿರಲಿಲ್ಲ. ಅತ್ತೆ ದೇವರ ಫೋಟೋಗಳ ಕೆಂಪು ಧೂಳು ಒರೆಸುವುದರೊಳಗೆ ಮಾವ ಹಳೇ ಪಂಚೆಯ ಚೂರಿನಿಂದ ನಿಂಬೆಹಣ್ಣು ಒರೆಸಿ ಮುಗಿಸಿರುತ್ತಿದ್ದರು.

"ದೇವ್ರಿಗಿಂತ ಲಿಂಬಿಹಣ್ಣಿನ ಉಪಚಾರ ಜಾಸ್ತಿ ಆತು ಈ ಮನ್ಯಾಗ!" ಎಂದು ಅತ್ತೆ ಗೊಣಗಿದರೆ, "ದೇವ್ರು ತನ್ನ ಧೂಳು ತಾನ ಝಾಡಿಸ್ಕೋತಾನ. ಲಿಂಬಿಹಣ್ಣಿಗೆ ಯಾರದಾರ?" ಎನ್ನುತ್ತಿದ್ದರು.

ಆ ಚಿತ್ರ ಮನೆಗೆ ಬಂದದ್ದೇ ಒಂದು ಕಥೆ. ಸಂಡೂರಿನಲ್ಲಿ ನಮ್ಮ ಬೀಗರೊಬ್ಬರಿಗೆ ಗಣಿಯಿಂದ ದುಡ್ಡು ಬಂತು. ದುಡ್ಡು ಬಂದ ಮೇಲೆ ಬಂಗಲೆ ಬಾರದೆ ಇರುತ್ತದೆಯೇ? ಅದರ ಊಟದ ಹಾಲಿಗೆ ಬೆಂಗಳೂರಿನ ಅಲಂಕಾರದವನೊಬ್ಬ ಬಾಗಿಲಷ್ಟು ಅಗಲದ ಚಿತ್ರ ತಂದು ಹಾಕಿದ. ಹಾಲೆಂಡ್ ದೇಶದ ಹಳೇ ಕಾಲದ ದೊಡ್ಡ ಚಿತ್ರಕಾರನೊಬ್ಬನ ಕೃತಿಯ ನಕಲಂತೆ. ಒಂದು ಮೇಜು, ಸುಕ್ಕುಗಟ್ಟಿದ ಬಿಳಿ ಬಟ್ಟೆ, ಮುರಿದ ರೊಟ್ಟಿ, ಅಡ್ಡ ಬಿದ್ದ ಬೆಳ್ಳಿ ಲೋಟ, ಅರ್ಧ ತುಂಬಿದ ಗಾಜಿನ ಬಟ್ಟಲು, ಸಿಪ್ಪೆ ಜೋತುಬಿದ್ದ ಅರ್ಧ ಸುಲಿದ ನಿಂಬೆಹಣ್ಣು. ಮನುಷ್ಯರು ಒಬ್ಬರೂ ಇಲ್ಲ!

ಗೃಹಪ್ರವೇಶದ ದಿನ ಬೀಗರ ತಾಯಿ ಅದನ್ನು ನೋಡಿದ್ದೇ ತಡ, ಬಾಯಿಗೆ ಸೆರಗು ಅಡ್ಡ ಹಿಡಿದು ಕೂಗಿಬಿಟ್ಟರು. "ಯವ್ವಾ! ಉಣ್ಣಾಕ ಇಟ್ಟಾರ, ಉಣ್ಣೋರಿಲ್ಲ! ಹೊಸಾ ಮನ್ಯಾಗ ಯಾರಿಗೆ ಎಡಿ ಇಟ್ಟೀರಲೇ?"

ಸತ್ತವರಿಗೆ ಎಡೆ ಇಟ್ಟಂತಿರುವ ಚಿತ್ರ ಗೃಹಪ್ರವೇಶದ ಮನೆಯಲ್ಲಿ ಉಳಿದೀತೇ? ಹೋಳಿಗೆ ಬಡಿಸುವ ಮೊದಲೇ ಅದು ಅಂಗಳಕ್ಕೆ ಬಂತು. ನಮ್ಮ ಮಾವ ಪಂಕ್ತಿಯಿಂದ ಎದ್ದು ಹೋಗಿ ಅದರ ಮುಂದೆ ನಿಂತರು. ಎಷ್ಟು ಕರೆದರೂ ಊಟಕ್ಕೆ ಬರಲಿಲ್ಲ. ಕೊನೆಗೆ "ನಿಮಗ ಬ್ಯಾಡಾದ್ರ ನನಗ ಕೊಡ್ರಿ," ಎಂದು ಬೇಡಿ, ಟೆಂಪೋದ ಹಿಂದೆ ತಾವೇ ಅದನ್ನು ತಬ್ಬಿ ಕುಳಿತು ಹೊಸಪೇಟೆಗೆ ತಂದರು. ಇಳಿದಾಗ ಮಾವನೂ ಚಿತ್ರವೂ ಒಂದೇ ಬಣ್ಣವಾಗಿದ್ದರು.

ಆಮೇಲೆ ಶುರುವಾಯಿತು ಬಂದವರ ಗೋಳು! ಚಿತ್ರ ನೋಡದೆ ಯಾರಿಗೂ ಚಹಾ ಸಿಗುತ್ತಿರಲಿಲ್ಲ. ಮರಿಯಮ್ಮನಹಳ್ಳಿಯ ಭತ್ತದ ವ್ಯಾಪಾರಿಯೊಬ್ಬರನ್ನು ಹಿಡಿದು ನಿಲ್ಲಿಸಿದರು.

"ಆ ಗಾಜಿನ ಬಟ್ಟಲದಾಗ ನೋಡ್ರಿ. ಏನು ಕಾಣಸ್ತೈತಿ?"

"ಏನೋ ಬೆಳ್ಳಗ ಐತ್ರಿ."

"ಕಿಟಕಿ! ಕಿಟಕಿ ಹೊಳಪದು. ಚಿತ್ರದಾಗ ಕಿಟಕಿ ಎಲ್ಲೈತಿ? ಇಲ್ಲ! ಅಂದ್ರ ಅದು ನಮ್ಮ ಬೆನ್ನ ಹಿಂದ ಐತಿ. ಅಂದ್ರ ನಾವೂ ಅದ ಕೋಣ್ಯಾಗ ನಿಂತೀವಿ!"

ಪಾಪ, ವ್ಯಾಪಾರಿ ಹೌಹಾರಿ ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿ ಅತ್ತೆಯ ಫ್ರಿಜ್ಜಿತ್ತು.

ಇನ್ನೊಂದು ಫಜೀತಿ ಕೇಳಿ. ತಟ್ಟೆಯಲ್ಲಿದ್ದ ಗುಲಾಬಿ ಹೋಳನ್ನು ಮಾವ ಕಲ್ಲಂಗಡಿ ಎಂದು ನಂಬಿ, ಎಲ್ಲರಿಗೂ ಹಾಗೆಯೇ ನಂಬಿಸಿದ್ದರು. ಕಾಲೇಜು ಓದಿದ ನೆಂಟನೊಬ್ಬ ಬಂದು ಅದು ಹಂದಿಯ ತೊಡೆ ಎಂದುಬಿಟ್ಟ! ನಮ್ಮದು ಮೊಟ್ಟೆಯ ಹೆಸರನ್ನೂ ಮೆಲ್ಲಗೆ ಹೇಳುವ ಮನೆ. ಅತ್ತೆ ಅಷ್ಟು ಜಾಗಕ್ಕೆ ಒಂದು ಕರವಸ್ತ್ರ ನೇತುಹಾಕಿದರು. ಮಾವ ಅದನ್ನು ತೆಗೆದು, "ಅವರ ಊಟ ಅವರು ಉಣ್ಣಲಿ, ನಾವೇನು ಕೈ ಹಾಕ್ತೀವೇನು?" ಎಂದರು.

ನಾವು ನಗುತ್ತಿದ್ದೆವು. ನನ್ನ ಅವ್ವ ಮಾತ್ರ ನಗುತ್ತಿರಲಿಲ್ಲ. ಆ ಚಿತ್ರ ಎಡೆಯೇ ಎಂದು ಆಕೆಗೂ ಅನ್ನಿಸಿತ್ತು. ಒಮ್ಮೆ ಹಾಗೆಂದಾಗ ಮಾವ ರೇಗಿದರು.

"ಎಡಿ ಯಾರರ ಮುಟ್ಟಿರತಾರೇನ? ಇಲ್ಲಿ ನೋಡು. ರೊಟ್ಟಿ ಮುರದೈತಿ, ಹಣ್ಣು ಅರ್ಧ ಸುಲದೈತಿ. ಉಣ್ಣಾಕಹತ್ತಿದಾವ ಅರ್ಧಕ್ಕ ಎದ್ದಾನ. ಸತ್ತಿಲ್ಲ. ಎದ್ದಾನ, ಅಷ್ಟ!"

ಯಾರ ಬಗ್ಗೆ ಆಡಿದ ಮಾತು ಅದು ಎಂದು ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನನ್ನ ಸಣ್ಣ ಮಾವ, ಅಂದರೆ ದೊಡ್ಡ ಮಾವನಿಗೂ ಅವ್ವನಿಗೂ ತಮ್ಮ, ಮದುವೆಯಾಗದ ಸಾಧು ಮನುಷ್ಯ. ಅಣ್ಣನ ಜೊತೆ ಕಂಪ್ಲಿ ರಸ್ತೆಯ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದರು. ಅವರು ಊಟಕ್ಕೆ ಕುಳಿತರೆಂದರೆ ಅತ್ತೆ ಒಂದು ನಿದ್ದೆ ಮುಗಿಸಿ ಬರಬಹುದು, ಅಷ್ಟು ನಿಧಾನ! ಚಿತ್ರ ಬರುವ ಕೆಲವು ವರ್ಷ ಮೊದಲು, ಒಂದು ಮಧ್ಯಾಹ್ನ ಅವರು ಉಣ್ಣುತ್ತಿದ್ದಾಗ, ಭತ್ತದ ಲಾರಿ ಪಾಪಿನಾಯಕನಹಳ್ಳಿ ಹತ್ತಿರ ಕೆಟ್ಟು ನಿಂತಿದೆಯೆಂದು ಫೋನು ಬಂತು. ದೊಡ್ಡ ಮಾವ ಅಂಗಳದಿಂದಲೇ ಕೂಗಿದರು. "ಏಳಲೇ ಜಲ್ದಿ! ಬಂದು ಉಣ್ಣುವಂತಿ." ಸಣ್ಣ ಮಾವ ಮುರಿದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು, ಕೈ ತೊಳೆದು, ಬೈಕ್ ಹತ್ತಿದರು. ದಾರಿಯಲ್ಲಿ ಅದಿರಿನ ಲಾರಿ ಹಾಯ್ದು ಅಲ್ಲೇ ತೀರಿಕೊಂಡರು. ಆ ತಟ್ಟೆಯನ್ನು ಎತ್ತಲು ದೊಡ್ಡ ಮಾವ ಯಾರಿಗೂ ಬಿಡಲಿಲ್ಲ, ಇರುವೆ ಮುತ್ತಿದ ಮೇಲೂ.

ಅಂದಿನಿಂದ ಹಿರಿಯರ ಹಬ್ಬದಲ್ಲಿ ಅಜ್ಜ ಅಜ್ಜಿಯರಿಗೆಲ್ಲ ಎಡೆ, ತಮ್ಮನಿಗೆ ಮಾತ್ರ ಇಲ್ಲ. "ಅವನ ಉಣ್ಣಾದು ಮುಗದಿಲ್ಲ," ಎಂದು ಒಂದೇ ಹಟ. ಹಸಿದು ಹೋದ ಜೀವ ಎಲ್ಲಿ ಅಲೆಯುತ್ತಿದೆಯೋ ಎಂದು ಅವ್ವ ಹಬ್ಬ ಬಂದಾಗಲೆಲ್ಲ ಮೂಲೆಯಲ್ಲಿ ಅಳುವಳು. ಚಿತ್ರ ಬಂದ ವರ್ಷದ ಹಬ್ಬಕ್ಕೆ ಆಕೆ ಸುಮ್ಮನಿರಲಿಲ್ಲ. ಅಣ್ಣನ ಮುಂದೆ ಹೋಗಿ ನಿಂತಳು.

"ಅಣ್ಣಾ, ಅವನ ಉಣ್ಣಾದು ಮುಗದಿಲ್ಲ ಅಂತ ನೀನ ಅಂತಿ. ನೀ ಬಡಸದ ಅವಾ ಹೆಂಗ ಮುಗಸಬೇಕು?"

ಮಾವ ಎದ್ದು ಅಡುಗೆಮನೆಗೆ ಹೋದರು. ತಮ್ಮನಿಗೆ ತಾವೇ ಎಲೆ ಹಾಕಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆಯ ಮೇಲೆ ತುಪ್ಪ. ತುಪ್ಪ ಎಲೆ ದಾಟಿ ನೆಲಕ್ಕೂ ಹರಿಯಿತು. ಪದ್ಧತಿಯಂತೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದೆವು. ಹೋದವರು ಬಂದು ಉಣ್ಣುವಷ್ಟು ಹೊತ್ತು ಕಾಯಬೇಕು, ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು.

ಹೊತ್ತಾಯಿತು. ಮಕ್ಕಳು ಹಸಿವೆಂದು ರಚ್ಚೆ ಹಿಡಿದವು. ಅತ್ತೆ ಬಾಗಿಲು ತಟ್ಟಲು ಕೈ ಎತ್ತಿದರು. ಮಾವ ಓಡಿ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಕಣ್ಣಿನಿಂದ ಧಾರಾಕಾರ ನೀರು.

"ತಡೀರಿ, ಇನ್ನೊಂಚೂರು ತಡೀರಿ. ಅವಾ ಭಾಳ ಸಾವಕಾಶ ಉಣ್ತಾನ. ಈ ಸಲಾನರ ಎಬ್ಬಿಸಬ್ಯಾಡ್ರಿ."