ಓನರಮ್ಮ ಆರಿಸಿದ ಕಂಪ್ಯೂಟರ್

ಅಂಗಡಿ ಶಟರ್ ಎತ್ತಿದ್ರೆ ಸಾಕು, ನನಗೆ ಏನಾದ್ರೂ ಒಂದು ಆಗತ್ತೆ. ನಾನಾಗೇ ಹುಡುಕ್ಕೊಂಡು ಹೋಗಲ್ಲ. ಗಾಂಧಿ ಬಜಾರ್ ಹಿಂದಿನ ಅಡ್ಡರಸ್ತೇಲಿ ಕಂಪ್ಯೂಟರ್ ಮಾರ್ಕೊಂಡು, ರಿಪೇರಿ ಮಾಡ್ಕೊಂಡು ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಅಷ್ಟರಲ್ಲಿ ಕಂಪ್ಯೂಟರ್ ಸಣ್ಣದಾಯ್ತು, ತೆಳ್ಳಗಾಯ್ತು, ಮಡಚೋ ಹಂಗಾಯ್ತು. ತಗೊಳೋಕೆ ಬರೋರು ಮಾತ್ರ ಮೊದಲಿನ ಹಂಗೇ ಇದಾರೆ. ದೇವರ ದಯೆ.

ಅಂಗಡಿ ಮೇಲ್ಗಡೆ ಮನೇಲಿ ನಮ್ಮ ಓನರಮ್ಮ ಇರೋದು, ಮಗ ಸೊಸೆ ಜತೆ. ನನ್ನ ಬೋರ್ಡಿಗೆ ಸರಿಯಾಗಿ ಮೇಲೆ ಅವರ ಬಾಲ್ಕನಿ. ಅಲ್ಲಿ ಮೊರ ಇಟ್ಕೊಂಡು ಕೂತು, ಸೊಪ್ಪು ಬಿಡಿಸ್ತಾ, ಕೆಳಗೆ ನಡೆಯೋ ವ್ಯಾಪಾರಾನೆಲ್ಲ ಕೇಳಿಸ್ಕೋತಾರೆ. ಕೇಳಿಸ್ಕೊಂಡು ಸುಮ್ನಿರೋ ಪೈಕಿ ಅಲ್ಲ.

ಹೋದ ಗಣೇಶನ ಹಬ್ಬ ಆದ್ಮೇಲೆ ಒಂದಿನ ಕೆಳಗೆ ಬಂದು, ಗಿರಾಕಿ ಸ್ಟೂಲ್ ಮೇಲೆ ಕೂತ್ರು.

‘ನೋಡಪ್ಪ, ಒಬ್ರು ಹೋಟ್ಲಿನೋರು ಬಂದಿದ್ರು. ಈ ಜಾಗ ಕೊಟ್ರೆ ದರ್ಶಿನಿ ಮಾಡ್ತಾರಂತೆ. ಸಂಕ್ರಾಂತಿಗೆ ಹೇಳ್ತೀನಿ ಅಂದಿದೀನಿ.’

‘ಅಮ್ಮ, ನನಗೇನು ಕಮ್ಮಿಯಾಗಿದೆ? ಬಾಡಿಗೆ ಸರಿಯಾಗಿ ಕೊಡ್ತಿದೀನಲ್ಲ.’

‘ಬಾಡಿಗೆ ಅಲ್ಲ ಕಣಪ್ಪ. ಹೋಟ್ಲಿಗೆ ಬರೋರು ತಿಂದು ಹೋಗ್ತಾರೆ. ನಿನ್ನ ಹತ್ರ ಬರೋರು ಬರೀ ಮಾತಾಡಿ ಹೋಗ್ತಾರೆ. ಯಾರಿಗೆ ಏನು ಬೇಕು ಅಂತ ನಿನಗೇ ಗೊತ್ತಾಗಲ್ಲ.’

‘ನಾನು ಎಲ್ಲಿಗೆ ಹೋಗ್ಲಮ್ಮ?’

‘ಅದನ್ನ ನಿನ್ನ ಕಂಪ್ಯೂಟರ್‌ನಲ್ಲಿ ನೋಡ್ಕೋ.’

ಅಲ್ಲಿಂದ ಸಂಕ್ರಾಂತಿವರೆಗೆ ನಾನು ತುಂಬಾ ಚುರುಕಾಗಿದ್ದೆ. ಏನೇನು ಮಾರಿದೆ ಅಂತ ಹೇಳ್ತೀನಿ.

ಬಾಗಿಲಿಂದ ಕಾಣ್ಬೇಕು

ಹನುಮಂತನಗರದಿಂದ ಗಂಡ ಹೆಂಡತಿ ಬಂದ್ರು. ಗಂಡನಿಗೆ ಲ್ಯಾಪ್‌ಟಾಪ್ ಬೇಕು, ಹೆಂಡತಿಗೆ ಡೆಸ್ಕ್‌ಟಾಪ್. ನಾನು ಎಂದಿನ ಪಾಠ ಶುರು ಮಾಡ್ದೆ. ಓಡಾಡೋರಿಗೆ ಲ್ಯಾಪ್‌ಟಾಪ್ ಒಳ್ಳೇದು, ಒಂದೇ ಕಡೆ ಕೂತು ಕೆಲಸ ಮಾಡೋರಿಗೆ ಡೆಸ್ಕ್‌ಟಾಪ್, ಕೆಟ್ರೆ ರಿಪೇರಿನೂ ಸುಲಭ...

‘ಅದೆಲ್ಲ ಬಿಡಿ ಸಾರ್,’ ಅಂದ್ರು ಆಯಮ್ಮ. ‘ನಮ್ಮನೆ ಬಾಗಿಲಲ್ಲಿ ಚಪ್ಪಲಿ ಹಾಕ್ಕೊಂಡೇ ನಿಂತಿರೋರಿಗೆ ಯಾವುದು ಕಾಣತ್ತೆ?’

ನನ್ನ ಸರ್ವೀಸ್‌ನಲ್ಲಿ ಈ ಪ್ರಶ್ನೆ ಬಂದಿರ್ಲಿಲ್ಲ.

‘ನಮ್ಮ ನಾದಿನಿ ಬರ್ತಾಳೆ ಸಾರ್. ಒಳಗೆ ಬಾ ಅಂದ್ರೆ ಬರಲ್ಲ. ಬಾಗಿಲಲ್ಲೇ ನಿಂತು, ಮನೆಯೆಲ್ಲ ಒಂದು ರೌಂಡ್ ಕಣ್ಣಾಡಿಸಿ, ಅರ್ಜೆಂಟ್ ಇದೆ ಅಂತ ಹೋಗ್ಬಿಡ್ತಾಳೆ. ಲ್ಯಾಪ್‌ಟಾಪ್ ಆದ್ರೆ ಇವರು ಮಡಚಿ ಬ್ಯಾಗಲ್ಲಿ ಇಡ್ತಾರೆ. ತಗೊಂಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.’

‘ಅವಳು ನನ್ನ ತಂಗಿ ಕಣೇ,’ ಅಂದ ಗಂಡ.

‘ಅದಕ್ಕೇ ಹೇಳ್ತಿರೋದು.’

ಸಂಸಾರ ಒಡೆಯೋದು ಬೇಡ ಅಂತ ನಾನೇ ಒಂದು ದಾರಿ ಹುಡುಕ್ದೆ. ಅವರಿಗೆ ಒಂದು ಲ್ಯಾಪ್‌ಟಾಪ್, ಇವರಿಗೆ ಹಾಲ್‌ನಲ್ಲಿ ಇಡೋಕೆ ದೊಡ್ಡದೊಂದು ಮಾನಿಟರ್. ಒಂದು ವೈರ್ ಸಿಗಿಸಿದ್ರೆ ಲ್ಯಾಪ್‌ಟಾಪಲ್ಲಿ ಇರೋದು ಅದರಲ್ಲೂ ಕಾಣತ್ತೆ ಅಂತ ಹೇಳಿಕೊಟ್ಟೆ. ಇಬ್ರೂ ನಗ್ತಾ ಹೋದ್ರು. ನಾನು ಮೇಲ್ಗಡೆ ಬಾಲ್ಕನಿ ಕಡೆ ಒಂದ್ಸಲ ಹೆಮ್ಮೆಯಿಂದ ನೋಡ್ದೆ.

ವಾರ ಆದ್ಮೇಲೆ ಆಯಮ್ಮನ ಫೋನು. ‘ಸಾರ್, ಸ್ಕ್ರೀನಲ್ಲಿ ಏನೂ ಬರಲ್ಲ.’

‘ವೈರ್ ಸಿಗಿಸಿದೀರಾ ಮೇಡಂ?’

‘ಇಲ್ಲ ಸಾರ್. ವೈರ್ ಕಂಡ್ರೆ ಚೆನ್ನಾಗಿರಲ್ಲ.’

‘ವೈರ್ ಇಲ್ದೆ ಹೆಂಗೆ ಬರತ್ತೆ? ಇಷ್ಟು ದಿನ ಸುಮ್ನೆ ಇಟ್ಕೊಂಡಿದ್ರಾ?’

‘ಇಷ್ಟು ದಿನ ಸರಿಯಾಗೇ ಇತ್ತು ಸಾರ್. ಇವತ್ತು ನಾದಿನಿ ಒಳಗಡೇನೇ ಬಂದ್ಬಿಟ್ಲು!’

ಹಣೆ ಇರೋ ಕಡೆ

ಆಯುಧಪೂಜೆ ಆದ ಮಾರನೇ ದಿನ ನನಗೆ ಭಾರಿ ಸೀಸನ್ನು. ಕೀಬೋರ್ಡ್ ಸಂದೀಲಿ ಅಕ್ಷತೆ, ಫ್ಯಾನಲ್ಲಿ ಸೇವಂತಿಗೆ ಎಸಳು, ಎಲ್ಲಾ ತೆಗ್ದು ಕೊಡ್ತೀನಿ. ಆದ್ರೆ ಈ ಸಲ ಬಂದೋರು ಒಬ್ರು ಇನ್ಶೂರೆನ್ಸ್ ಏಜೆಂಟು, ನನ್ನ ಹತ್ರಾನೇ ಲ್ಯಾಪ್‌ಟಾಪ್ ತಗೊಂಡಿದ್ದೋರು.

‘ಏನ್ರೀ ಇಂಥದ್ದು ಆರಿಸಿಕೊಟ್ರಿ? ಕ್ಯಾಮೆರಾನೇ ಹೋಗಿದೆ. ಮೀಟಿಂಗಲ್ಲಿ ನಮ್ಮ ಮ್ಯಾನೇಜರು, ಯಾಕ್ರೀ ಕತ್ತಲೇಲಿ ಕೂತಿದೀರಾ, ಮನೇಲಿ ಏನಾದ್ರೂ ತೊಂದ್ರೇನಾ ಅಂತಾರೆ.’

ತೆಗ್ದು ನೋಡ್ದೆ. ಮುಚ್ಚಳದ ಮೇಲೆ ವಿಭೂತಿ ಪಟ್ಟೆ. ಒಳಗೆ ಸ್ಕ್ರೀನಿನ ಮೇಲಂಚಲ್ಲಿ, ನಟ್ಟ ನಡುವೆ, ದಪ್ಪಗೆ ಒಂದು ಕುಂಕುಮದ ಬೊಟ್ಟು. ಸರಿಯಾಗಿ ಕ್ಯಾಮೆರಾ ಮೇಲೆ.

‘ಸಾರ್, ಕ್ಯಾಮೆರಾ ಮೇಲೇ ಕುಂಕುಮ ಇಟ್ಟಿದೀರಲ್ಲ.’

‘ಅದು ಹಣೆ ಅಲ್ವೇನ್ರೀ? ಇನ್ನೆಲ್ಲಿ ಇಡ್ಲಿ?’

ಒರೆಸೋಕೆ ಬಟ್ಟೆ ತಗೊಂಡೆ. ಕೈ ಹಿಡ್ಕೊಂಡ್ರು. ‘ಇವತ್ತು ಶುಕ್ರವಾರ. ಅಳಿಸ್ಬೇಡಿ.’

‘ನಾಳೆ ಅಳಿಸ್ಲಾ?’

‘ಪೂಜೆ ಮಾಡಿದ್ದನ್ನ ಯಾರಾದ್ರೂ ಕೈಯಾರೆ ಅಳಿಸ್ತಾರಾ? ಹಣೇಲಿ ಕ್ಯಾಮೆರಾ ಇಲ್ದಿರೋ ಕಂಪ್ಯೂಟರ್ ಯಾವುದೂ ಇಲ್ವಾ ನಿಮ್ಮ ಹತ್ರ?’

ಇದೆ ಸಾರ್, ಡೆಸ್ಕ್‌ಟಾಪಲ್ಲಿ ಕ್ಯಾಮೆರಾ ಬೇರೇನೇ ಬರತ್ತೆ, ಅದನ್ನ ನಿಮ್ಮ ಲ್ಯಾಪ್‌ಟಾಪಿಗೇ ಹಾಕ್ಕೋಬಹುದು ಅಂತ ಒಂದು ಬಿಡಿ ಕ್ಯಾಮೆರಾ ಕೊಟ್ಟೆ. ಹಣೆ ಹಣೇನೇ ಇರ್ಲಿ, ಕಣ್ಣು ಬೇರೆ ಕಡೆ ಇರ್ಲಿ. ‘ಇದು ತಲೆ ಅಂದ್ರೆ,’ ಅಂತ ಬೆನ್ನು ತಟ್ಟಿ ಹೋದ್ರು.

ಸೋಮವಾರ ವಾಪಸ್ ಬಂದ್ರು. ‘ಇದೂ ಕತ್ತಲೇನೇ ಕಣ್ರೀ.’

ನೋಡ್ದೆ. ಹೊಸ ಕ್ಯಾಮೆರಾ ಮೇಲೆ ಹೊಸ ಬೊಟ್ಟು.

‘ಮತ್ತೆ?’ ಅಂದ್ರು. ‘ಹೊಸ ಸಾಮಾನನ್ನ ಪೂಜೆ ಮಾಡ್ದೆ ಉಪಯೋಗಿಸ್ತಾರಾ?’

ತಂಗಿಗೆ ಹೋದ ಕಾಲ್

ಅವರು ಹೋಗಿ ಎರಡು ತಿಂಗಳಾದ್ಮೇಲೆ ಒಂದಿನ ಬಾಲ್ಕನಿಯಿಂದ ಧ್ವನಿ ಬಂತು. ‘ಒಂದು ಸ್ಕ್ರೀನ್ ಮಾರಿದೆ, ಅದರಲ್ಲಿ ಏನೂ ಬರಲ್ಲ. ಒಂದು ಕ್ಯಾಮೆರಾ ಮಾರಿದೆ, ಅದಕ್ಕೆ ಏನೂ ಕಾಣಲ್ಲ. ಶಹಭಾಷ್.’

‘ಅಮ್ಮ, ತಪ್ಪು ನಂದಲ್ಲ.’

‘ಸರಿ, ನನಗೇ ಒಂದು ಆರಿಸಿಕೊಡು ನೋಡೋಣ. ನನಗೆ ಸರಿ ಹೋದ್ರೆ ನಿನಗೆ ಕೆಲಸ ಬರತ್ತೆ ಅಂತ ಒಪ್ಕೋತೀನಿ. ಅಂಗಡೀಲಿ ಇರು.’

‘ಸರಿ ಹೋಗ್ದಿದ್ರೆ?’

‘ಮಸಾಲೆ ದೋಸೆ.’

ಏನಕ್ಕೆ ಬೇಕಮ್ಮ ಅಂತ ಕೇಳ್ದೆ. ಹರಿಕಥೆ ನೋಡೋಕೆ, ಮೈಸೂರಲ್ಲಿರೋ ತಂಗಿ ಜತೆ ಮಾತಾಡೋಕೆ, ಅಡುಗೆಮನೇಲಿ ಇಡೋಕೆ ಅಂದ್ರು. ಇಷ್ಟೇನಾ ಅನ್ನಿಸ್ತು. ಟ್ಯಾಬ್ಲೆಟ್ ಸಾಕು. ತೆಳ್ಳಗೆ, ಹಗುರವಾಗಿ, ಮೂಲೇಲಿ ಇಟ್ಕೋಬಹುದು. ನೋಡಿ ಹೇಳಿ ಅಂತ ಒಂದು ಕೊಟ್ಟು ಕಳಿಸ್ದೆ. ಆಗ ಮಾಗಿ ಚಳಿ ಶುರುವಾಗಿತ್ತು.

ಮಾರನೇ ಬೆಳಿಗ್ಗೆ ಟ್ಯಾಬ್ಲೆಟ್ ವಾಪಸ್ ಬಂತು.

‘ಇದಕ್ಕೆ ಬುದ್ಧಿ ಸರಿ ಇಲ್ಲ ಕಣಪ್ಪ. ಬೆಳಗಿನ ಜಾವ ತಾನಾಗೇ ತಂಗಿಗೆ ಕಾಲ್ ಮಾಡಿದೆ. ಅವಳು ಎತ್ತಿ ನೋಡಿದ್ರೆ ಬರೀ ಕಪ್ಪು. ಅಕ್ಕಾ ಅಕ್ಕಾ ಅಂತ ಕೂಗಿದಾಳೆ. ಯಾರೂ ಮಾತಾಡಿಲ್ಲ.’

‘ರಾತ್ರಿ ಅದರ ಮೇಲೆ ಏನಾದ್ರೂ ಇಟ್ಟಿದ್ರಾ?’

‘ಏನೂ ಇಲ್ಲಪ್ಪ. ಇಡ್ಲಿ ಹಿಟ್ಟಿನ ಪಾತ್ರೆ ಒಂದು.’

ಆಮೇಲೆ ವಿಷಯ ಹೊರಗೆ ಬಂತು. ಹಳೇ ಡಬ್ಬ ಟಿವಿ ಇದ್ದಾಗ ಅವರು ರಾತ್ರಿ ಸೀರಿಯಲ್ ಮುಗಿದ ತಕ್ಷಣ ಹಿಟ್ಟಿನ ಪಾತ್ರೇನ ಟಿವಿ ಮೇಲೆ ಇಡ್ತಿದ್ರು. ಎಂಥಾ ಚಳಿಗೂ ಹಿಟ್ಟು ಉಬ್ತಿತ್ತು. ಇಡ್ಲಿ ಹೂವಿನ ಹಂಗೆ ಬರ್ತಿತ್ತು. ಮಗ ಗೋಡೆಗೆ ಅಂಟಿಸೋ ಟಿವಿ ತಂದ. ಅದರ ಮೇಲೆ ಪಾತ್ರೆ ಇರ್ಲಿ, ಲೋಟಾನೂ ನಿಲ್ಲಲ್ಲ. ಅಲ್ಲಿಂದ ಚಳಿಗಾಲ ಬಂದ್ರೆ ಇಡ್ಲಿ ಗಟ್ಟಿ. ಸೊಸೆ ಏನೂ ಅನ್ನಲ್ಲವಂತೆ. ಸುಮ್ನೆ ಚಟ್ನಿ ಜಾಸ್ತಿ ಹಾಕ್ಕೋತಾಳಂತೆ. ಅದೇ ಅವರಿಗೆ ತಡ್ಕೊಳೋಕೆ ಆಗ್ತಿಲ್ಲ.

‘ಇದರ ಮೇಲೆ ಉಬ್ಬಿತಾ ಅಮ್ಮ?’ ಅಂದೆ.

‘ಎಲ್ಲಿ? ಐಸ್ ಇದ್ದ ಹಂಗಿದೆ ಇದು. ಹಿಟ್ಟು ಹಂಗೇ ಇತ್ತು. ತಂಗಿ ಗಾಬರಿಯಾಗಿ ಬಸ್ ಹತ್ತಿದಾಳೆ. ಈಗ ಆ ಗಟ್ಟಿ ಇಡ್ಲೀನ ಅವಳಿಗೂ ಬಡಿಸ್ಬೇಕು!’

ಯಾವುದು ಜಾಸ್ತಿ ಬಿಸಿ?

ನಾನು ಇಷ್ಟು ವರ್ಷ ಮಾಡಿರೋ ಕೆಲಸ ಒಂದೇ, ಕಂಪ್ಯೂಟರ್ ಬಿಸಿ ಆಗ್ದೇ ಇರೋ ಹಂಗೆ ನೋಡ್ಕೊಳೋದು. ಧೂಳು ಹೊಡಿತೀನಿ, ಫ್ಯಾನ್ ಬದಲಾಯಿಸ್ತೀನಿ, ಗಿರಾಕಿಗಳಿಗೆ ಬೈತೀನಿ. ಈಗ ಓನರಮ್ಮ ಎಲ್ಲ ಮಾಡೆಲ್ ಮೇಲೂ ಅಂಗೈ ಇಟ್ಟು, ಮಗೂಗೆ ಜ್ವರ ನೋಡೋ ಹಂಗೆ ನೋಡ್ತಾ, ‘ಇರೋದ್ರಲ್ಲಿ ಜಾಸ್ತಿ ಬಿಸಿ ಆಗೋದು ಯಾವುದು?’ ಅಂತಾರೆ.

ಲ್ಯಾಪ್‌ಟಾಪ್ ಕೊಟ್ಟೆ. ಮುಚ್ಚಿದ್ರೆ ಮಲಗಿ ತಣ್ಣಗಾಗತ್ತೆ ಅಂತ, ಮುಚ್ಚಿದ್ರೂ ಎದ್ದೇ ಇರೋ ಹಂಗೆ ಸೆಟ್ ಮಾಡ್ದೆ. ಮಾರನೇ ದಿನ ವರದಿ ಬಂತು. ‘ಅರ್ಧ ಉಬ್ಬಿದೆ.’

‘ಹಂಗಾದ್ರೆ ನನ್ನ ಅಂಗಡಿ?’

‘ಅರ್ಧ ಉಳಿದಿದೆ.’

ಗೇಮ್ ಆಡೋ ಹುಡುಗರಿಗೆ ಅಂತ ಕಟ್ಟಿಟ್ಟಿದ್ದ ಕ್ಯಾಬಿನೆಟ್ ತೋರಿಸ್ದೆ. ಕೆಂಪು ನೀಲಿ ದೀಪ, ಗಾಜಿನ ಬಾಗಿಲು, ಬೆಂಕಿ ಥರ ಬಿಸಿ. ಓನರಮ್ಮ ಸುತ್ತ ಬಂದು ನೋಡಿದ್ರು. ‘ಬಿಸಿ ಚೆನ್ನಾಗಿದೆ. ಆದ್ರೆ ತಲೆ ತುಂಬ ತೂತು. ಹಿಟ್ಟು ಉಕ್ಕಿದ್ರೆ ಸೀದಾ ಒಳಗೇ ಹೋಗತ್ತೆ. ಇದನ್ನ ಮಾಡ್ದೋರ ಮನೇಲಿ ಇಡ್ಲಿ ಮಾಡಲ್ವೇನೋ.’

ಆಗ ನನಗೆ ಅಟ್ಟ ನೆನಪಾಯ್ತು. ಅಲ್ಲೊಂದು ಹಳೇ ಆಫೀಸ್ ಡೆಸ್ಕ್‌ಟಾಪ್ ಇತ್ತು. ನಿಲ್ಲಿಸೋದಲ್ಲ, ಮಲಗಿಸೋದು. ಮೊದಲೆಲ್ಲ ಅದರ ಮೇಲೇ ಮಾನಿಟರ್ ಇಡ್ತಿದ್ರು. ಮೇಲ್ಗಡೆ ಸಮತಟ್ಟು ಕಬ್ಬಿಣದ ತಗಡು, ಒಂದು ತೂತಿಲ್ಲ. ಆನ್ ಮಾಡಿದ್ರೆ ಬಚ್ಚಲುಮನೆ ಹಂಡೆ ಥರ ಕಾಯತ್ತೆ. ಗುಜರಿಯೋನೂ ಬೇಡ ಅಂದಿದ್ದ. ಇಳಿಸಿ, ಒರೆಸಿ, ಅಡುಗೆಮನೆ ಕಟ್ಟೆ ಮೇಲೆ ಇಟ್ಟುಕೊಟ್ಟೆ. ಮಾನಿಟರನ್ನ ಪಕ್ಕಕ್ಕೆ ನಿಲ್ಲಿಸ್ದೆ, ಮೇಲ್ಗಡೆ ಜಾಗ ಪಾತ್ರೆಗೆ ಅಂತ ಬಿಟ್ಟೆ. ಪಾತ್ರೆ ಕೆಳಗೆ ಅಂಚಿರೋ ತಟ್ಟೆ ಇಡಿ ಅಂತ ಹೇಳ್ದೆ.

ಮೊದಲನೇ ದಿನ ಮುಕ್ಕಾಲು ಉಬ್ತು. ಓನರಮ್ಮ ತಾವೇ ಕಾರಣ ಕಂಡುಹಿಡಿದ್ರು. ‘ಸುಮ್ನೆ ಆನ್ ಇದ್ರೆ ಉಗುರುಬೆಚ್ಚಗೆ ಅಷ್ಟೇ. ಸಾಯಂಕಾಲ ಹರಿಕಥೆ ನೋಡೋವಾಗ ಮುಟ್ಟಿದ್ರೆ ಚುರ್ ಅನ್ನತ್ತೆ. ರಾತ್ರಿಯೆಲ್ಲ ಹರಿಕಥೆ ಹಾಕಿಡ್ಲಾ?’

ಹಾಕಿಡಿ ಅಂದೆ. ಒಂದು ಸಾಲದು ಅಂತ ಪಕ್ಕಪಕ್ಕದಲ್ಲೇ ಇನ್ನೊಂದಷ್ಟು ಹರಿಕಥೆ ತೆಗ್ದು, ಮನೆಯೋರು ಮಲಗ್ಲಿ ಅಂತ ಸೌಂಡ್ ಆಫ್ ಮಾಡಿ ಬಂದೆ.

ಬೆಳಿಗ್ಗೆ ಶಟರ್ ಎತ್ತೋಕ್ಕೂ ಮುಂಚೆ ಮೇಲಿಂದ ಕೂಗು. ‘ಲೋ! ಬಾರೋ ಮೇಲಕ್ಕೆ!’

ಮುಗೀತು ನನ್ನ ಕಥೆ ಅಂದ್ಕೊಂಡು ಮೆಟ್ಲು ಹತ್ತಿದೆ. ಅಡುಗೆಮನೇಲಿ ಓನರಮ್ಮ, ತಂಗಿ, ಸೊಸೆ ಮೂರೂ ಜನ ಕಂಪ್ಯೂಟರ್ ಮುಂದೆ ನಿಂತಿದಾರೆ. ಹಿಟ್ಟು ಮುಚ್ಚಳಾನ ಎತ್ಕೊಂಡು ಹೊರಗೆ ಇಣುಕ್ತಿದೆ. ಪಕ್ಕದ ಸ್ಕ್ರೀನಲ್ಲಿ ಒಬ್ರು ದಾಸರು ಸದ್ದಿಲ್ದೆ ಚಿಪ್ಳಿ ಬಾರಿಸ್ತಿದಾರೆ.

‘ಹರಿಕಥೆ ಕೇಳಿದ ಹಿಟ್ಟು ಕಣೋ,’ ಅಂದ್ರು ಓನರಮ್ಮ, ಕಣ್ಣು ತುಂಬ್ಕೊಂಡು.

‘ಸೌಂಡ್ ಆಫ್ ಇತ್ತಲ್ಲಮ್ಮ.’

‘ನೋಡಿದ್ರೂ ಪುಣ್ಯಾನೇ ಬಿಡು.’

ಆವತ್ತು ಸೊಸೆ ಚಟ್ನಿ ಹಾಕ್ಕೊಳ್ದೇ ತಿಂದ್ಲಂತೆ. ಅಕ್ಕನಿಗೆ ಏನಾಯ್ತೋ ಅಂತ ಬಂದಿದ್ದ ತಂಗಿ, ಅಕ್ಕ ಗಟ್ಟಿಯಾಗಿದಾಳೆ ಅಂತ ಖಾತ್ರಿ ಆದ್ಮೇಲೂ ಮೈಸೂರಿಗೆ ಹೋಗೋ ಮಾತೇ ಎತ್ತಲಿಲ್ಲ.

ಎಷ್ಟು ಲೀಟರ್?

ಸಂಕ್ರಾಂತಿ ಹತ್ರ ಬಂತು. ಒಂದು ಬೆಳಿಗ್ಗೆ ಹೋಟ್ಲಿನೋರು ಟೇಪ್ ಹಿಡ್ಕೊಂಡು ಬಂದು, ನಾನು ಕೂತಿರೋವಾಗ್ಲೇ ನನ್ನ ಅಂಗಡಿ ಅಳೆಯೋಕೆ ಶುರು ಮಾಡಿದ್ರು. ‘ಇಲ್ಲಿ ಒಲೆ, ಅಲ್ಲಿ ಕ್ಯಾಶ್ ಕೌಂಟ್ರು. ನೀವು ಸ್ವಲ್ಪ ಕಾಲು ಎತ್ತಿ ಸಾರ್.’ ಎತ್ತಿದೆ.

ಮೇಲಿಂದ ಓನರಮ್ಮ ಕರೆದ್ರು. ‘ಅಳೆಯೋದು ಆಮೇಲೆ. ಮೊದ್ಲು ತಿಂಡಿ ತಿನ್ನಿ ಬನ್ನಿ. ನೀನೂ ಬಾರೋ.’

ಹೋಟ್ಲಿನೋರು ತಟ್ಟೆ ಮುಂದೆ ಸುಮ್ನೆ ಮರ್ಯಾದೆಗೆ ಕೂತ್ರು. ಒಂದು ತುಂಡು ಮುರಿದು ಬಾಯಿಗೆ ಹಾಕ್ಕೊಂಡ್ರು. ಇನ್ನೊಂದು ಇಡ್ಲೀನ ಬೆರಳಲ್ಲಿ ಒತ್ತಿ ಬಿಟ್ರು. ಅದು ಮತ್ತೆ ಉಬ್ಬಿ ನಿಂತ್ಕೊಳ್ತು. ಆಮೇಲೆ ಎಷ್ಟು ತಿಂದ್ರು ಅಂತ ನಾನು ನೋಡೋಕೆ ಹೋಗ್ಲಿಲ್ಲ, ಪಾಪ.

‘ಅಮ್ಮ, ಈ ಚಳೀಲಿ ಹಿಟ್ಟು ಹೆಂಗೆ ಉಬ್ತು? ನಮ್ಮ ಹೋಟ್ಲಲ್ಲೇ ಕೈ ಕೊಡ್ತಿದೆ. ಬಿಸಿನೀರಿಗೆ ಇಟ್ಟೆ, ಕಂಬಳಿ ಹೊದಿಸ್ದೆ. ಏನ್ ಮಾಡಿದ್ರೂ ಗಿರಾಕಿಗಳು ಚಟ್ನೀನೇ ಜಾಸ್ತಿ ಕೇಳ್ತಾರೆ.’

ಓನರಮ್ಮ ನನ್ನ ಕಡೆ ಕೈ ತೋರಿಸಿದ್ರು, ಮದುವೆಗೆ ಗಂಡು ತೋರಿಸೋ ಹಂಗೆ. ‘ಇವನು ಆರಿಸಿಕೊಟ್ಟ ಕಂಪ್ಯೂಟರ್. ಅಡುಗೆಮನೇಲಿದೆ, ನೋಡ್ಕೊಂಡ್ಬನ್ನಿ.’

ನೋಡ್ಕೊಂಡು ಬಂದ್ರು. ಅಷ್ಟೊತ್ತಿಗೆ ಸ್ಕ್ರೀನ್ ಆಫ್ ಆಗಿತ್ತು, ಅವರಿಗೆ ಕಂಡಿದ್ದು ಬಿಸಿ ಡಬ್ಬ ಒಂದೇ. ಟೇಪ್ ಮಡಚಿ ಜೇಬಿಗೆ ಹಾಕ್ಕೊಂಡ್ರು.

‘ಅಂಗಡಿ ವಿಷಯ...’ ಅಂತ ಅವರು ಬಾಯಿ ತೆಗೆಯೋಷ್ಟರಲ್ಲಿ ಓನರಮ್ಮ, ‘ಅದು ಆಗಲ್ಲಪ್ಪ. ನಾಳೆ ಇದು ಕೆಟ್ಟೋದ್ರೆ ನಾನು ಯಾರನ್ನ ಕರೀಲಿ? ನಿಮ್ಮ ಅಡುಗೆಭಟ್ರನ್ನಾ? ಇವನು ಇಲ್ಲೇ ಇರ್ತಾನೆ,’ ಅಂದ್ರು.

ನಾನು ಸುಮ್ನೆ ಇನ್ನೊಂದು ಇಡ್ಲಿ ಹಾಕಿಸ್ಕೊಂಡೆ.

ಕೆಳಗೆ ಬಂದ್ವಿ. ಹೋಟ್ಲಿನೋರು ಹೋಗ್ಲಿಲ್ಲ. ನನ್ನ ಸ್ಟೂಲ್ ಮೇಲೆ ಕೂತು, ಸುತ್ತ ಇರೋ ಹೊಸ ಲ್ಯಾಪ್‌ಟಾಪುಗಳನ್ನೆಲ್ಲ ಬೇಜಾರಲ್ಲಿ ನೋಡಿ, ದನಿ ತಗ್ಗಿಸಿ ಕೇಳಿದ್ರು.

‘ಸಾರ್, ಅಂಥದ್ದೇ ನಮಗೂ ಬೇಕು. ಆದ್ರೆ ನಮ್ಮದು ದೊಡ್ಡ ಪಾತ್ರೆ. ನಿಮ್ಮ ಹತ್ರ ಎಷ್ಟು ಲೀಟರ್ ತನಕ ಕಂಪ್ಯೂಟರ್ ಇದೆ?’

ಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಆದ್ರೂ ನಾನು ಹಿಂದೆಮುಂದೆ ನೋಡ್ಲಿಲ್ಲ. ‘ಹಳೇ ಮಾಡೆಲ್ ಹುಡುಕಿಸ್ಬೇಕು ಸಾರ್, ಡಿಮ್ಯಾಂಡ್ ಇದೆ,’ ಅಂದೆ. ಚೌಕಾಸಿ ಇಲ್ದೆ ಅಡ್ವಾನ್ಸ್ ಕೊಟ್ರು. ಮಾನಿಟರ್ ಬೇಡ, ಕೀಬೋರ್ಡ್ ಬೇಡ, ಬರೀ ಡಬ್ಬ ಸಾಕು ಅಂದ್ರು. ಸ್ಕೂಟರ್ ಹತ್ತಿ ರಸ್ತೆ ತಿರುವಿಗೆ ಹೋದ್ರು.

ಅಷ್ಟರಲ್ಲಿ ಮೇಲಿಂದ ಓನರಮ್ಮ, ಅವರೆಕಾಯಿ ಮೊರ ಪಕ್ಕಕ್ಕಿಟ್ಟು, ಬಾಲ್ಕನಿಯಿಂದ ಅರ್ಧ ಕೆಳಗೆ ಬಗ್ಗಿ ಪಿಸುಗುಟ್ಟಿದ್ರು. ಅವರು ಪಿಸುಗುಟ್ಟಿದ್ರೆ ಗಾಂಧಿ ಬಜಾರಿಗೆ ಕೇಳತ್ತೆ.

‘ಲೋ, ಕಂಪ್ಯೂಟರ್ ಎಷ್ಟು ಬೇಕಾದ್ರೂ ಕೊಟ್ಕೋ. ಹರಿಕಥೆ ವಿಷಯ ಮಾತ್ರ ಬಾಯಿ ಬಿಡ್ಬೇಡ!’