ದೋಣಿಯ ತಳಕ್ಕೊಂದು ದೀಪ

ಫಿಲ್ಟರಯ್ಯನ ಮನೆಯಲ್ಲಿ ರಜೆ ಎಂದರೆ ತಳ ಕೆರೆಯುವ ದಿನ. (ಪಾತ್ರೆಯ ತಳವಲ್ಲ, ದೋಣಿಯ ತಳ.) ಮನೆಮನೆಗೆ ಹೋಗಿ ಕುಡಿಯುವ ನೀರಿನ ಫಿಲ್ಟರ್ ರಿಪೇರಿ ಮಾಡುವ ಈ ಮಹಾಶಯ ಆಸೆಪಟ್ಟು ಹಳೇ ದೋಣಿಯೊಂದನ್ನು ಕೊಂಡಿದ್ದ. ಎದುರಿನ ದ್ವೀಪಕ್ಕೆ ಹೋಗಿ ಬರೋಣವೆಂದು ಹೆಂಡತಿ ಬುತ್ತಿ ಕಟ್ಟಿದಾಗಲೆಲ್ಲ ತಳದಲ್ಲಿ ಪಾಚಿ, ಪಾಚಿಯ ಮೇಲೆ ಅಂಟಿಕೊಂಡ ಚಿಪ್ಪುಹುಳ; ಆ ಭಾರಕ್ಕೆ ದೋಣಿ ಸಾಗುತ್ತಲೇ ಇರಲಿಲ್ಲ. ಬುತ್ತಿ ದಂಡೆಯಲ್ಲೇ ಖಾಲಿಯಾಗುತ್ತಿತ್ತು. ಉಳಿದ ಹೊತ್ತು ಗಂಡ ಹೆಂಡತಿ ಕೂತು ಕೆರೆಯುತ್ತಿದ್ದರು.

"ಮುಂದಿನ ರಜೆಗೂ ಕೆರೆಯೋದೇ ಆದ್ರೆ ನಾನು ಬರಲ್ಲ, ಹೇಳಿಬಿಟ್ಟಿದ್ದೀನಿ" ಎಂದಳು ಹೆಂಡತಿ.

ಮಾತು ನಾಟಿತು. ಪಾಪ, ಅವಳು ದ್ವೀಪ ಕಂಡದ್ದೆಲ್ಲ ದಂಡೆಯಿಂದಲೇ.

ಮರುದಿನ ಯಾರದೋ ಅಡುಗೆಮನೆಯಲ್ಲಿ ಫಿಲ್ಟರ್ ಬಿಚ್ಚುತ್ತಿದ್ದವನಿಗೆ ಹೊಳೆದೇಬಿಟ್ಟಿತು! ಸ್ಕ್ರೂಡ್ರೈವರ್ ಹಿಡಿದುಕೊಂಡೇ ಮನೆಗೆ ಓಡಿ ಬಂದ.

"ಸಿಕ್ತು ಕಣೇ! ನೇರಳಾತೀತ ಕಿರಣ! ಫಿಲ್ಟರಲ್ಲಿ ಕ್ರಿಮಿ ಕೊಲ್ಲೋ ದೀಪ ದೋಣಿ ಕೆಳಗೆ ಉರಿದ್ರೆ ಪಾಚಿ ಹುಟ್ಟುತ್ತಾ? ಚಿಪ್ಪಿನ ವಂಶವೇ ನಿರ್ನಾಮ! ಈ ಸಲ ಕೆರೆಯದೇ ದ್ವೀಪ ತೋರಿಸ್ತೀನಿ, ನೋಡ್ತಿರು!"

ನೀರು ನುಗ್ಗದ ಗಾಜಿನ ಕೊಳವೆಗಳಲ್ಲಿ ದೀಪ ಕೂರಿಸಿ, ಹಿಂದೆ ತಗಡು ಬಡಿದು, ದೋಣಿಯ ಪಕ್ಕೆಯುದ್ದಕ್ಕೂ ಬಿಗಿದ. ತಗಡು ದೋಣಿಗೆ, ಗಾಜು ನೀರಿಗೆ.

"ರೀ, ದೀಪ ನಮ್ಮ ದೋಣಿಗೆ ಬೆನ್ನು ಹಾಕ್ಕೊಂಡಿದೆಯಲ್ಲ?"

"ಫಿಲ್ಟರಲ್ಲಿ ಬೆಳಕು ನೀರಿಗೆ ಬೀಳ್ಬೇಕು. ನಂಗೇ ಪಾಠ ಹೇಳ್ತೀಯಾ?"

ದೀಪಗಳಿದ್ದ ಪಕ್ಕದಲ್ಲೇ, ಕೈಗೆಟುಕುವಷ್ಟು ಹತ್ತಿರ, ಹೆಂಡತಿಯ ತಮ್ಮನ ದೋಣಿ. ಅವನು ಅದನ್ನು ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು ತಿರುಗಿಸಿ ಕಟ್ಟುವವನು. (ಬಿಸಿಲಿಗೆ ಬಣ್ಣ ಎರಡೂ ಕಡೆ ಸಮನಾಗಿ ಮಾಸಲಂತೆ!) ನೀರೊಳಗಿನ ನೀಲಿ ಬೆಳಕು ಕಂಡು ನಕ್ಕ.

"ಏನ್ ಭಾವ, ಪಾಚಿಗೆ ಓದ್ಕೊಳ್ಳೋಕೆ ದೀಪ ಹಾಕಿದ್ದೀರಾ?"

"ನಗು, ನಗು. ರಜೆ ದಿನ ಕೂತು ಕೆರೆಯೋನು ನೀನೇ!"

ರಜೆ ಬಂತು. ಫಿಲ್ಟರಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಕೈಗೆ ಬುತ್ತಿ ಕೊಟ್ಟು, ರಾಜಗಾಂಭೀರ್ಯದಿಂದ ದಂಡೆಗೆ ನಡೆದ. ಎರಡೂ ದೋಣಿಗಳನ್ನು ಮೇಲಕ್ಕೆಳೆದರು.

ಅವನ ದೋಣಿ ಗಡ್ಡ ಬಿಟ್ಟ ಸನ್ಯಾಸಿಯ ಹಾಗಿತ್ತು. ಭಾವಮೈದುನನದು ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಬೆನ್ನು ಹಾಕಿದ ದೀಪಗಳು ಇಷ್ಟು ದಿನ ಯಾರ ಸೇವೆ ಮಾಡಿದವೆಂದು ಫಿಲ್ಟರಯ್ಯನಿಗೆ ಆಗ ಅರ್ಥವಾಯಿತು.

ತಮ್ಮನ ದೋಣಿ ನೀರಿಗಿಳಿದದ್ದೇ ತಡ, ಹೆಂಡತಿ ಬುತ್ತಿ ಸಮೇತ ಹತ್ತಿ ಕೂತಳು.

"ಏಯ್! ನನ್ನ ಬಿಟ್ಟು ಹೋಗ್ತೀಯಾ?"

"ಕೆರೆಯದೇ ದ್ವೀಪ ತೋರಿಸ್ತೀನಿ ಅಂದಿದ್ರಿ, ತೋರಿಸ್ತಿದ್ದೀರಿ. ನಿಮ್ಮ ದೀಪ ನಿಜವಾಗ್ಲೂ ಕೆಲಸ ಮಾಡುತ್ತೆ ರೀ!" ಅವಳ ಮುಖ ಹಿಗ್ಗಿನಿಂದ ಅರಳಿತ್ತು.

ಪ್ರಯೋಗ ಗೆದ್ದಿದೆ ಎಂಬ ಸಂತೋಷಕ್ಕೆ ಹಿಗ್ಗಬೇಕೋ, ಬುತ್ತಿ ಹೋಯಿತೆಂದು ಅಳಬೇಕೋ ತಿಳಿಯದೆ ಫಿಲ್ಟರಯ್ಯ ಉಳಿ ಕೈಗೆತ್ತಿಕೊಂಡ. ಅಷ್ಟರಲ್ಲಿ ನೀರಿನ ಮೇಲಿಂದ ಭಾವಮೈದುನನ ಕೂಗು ಕೇಳಿತು.

"ಭಾವ, ತೊಂದ್ರೆ ಇಲ್ದಿದ್ರೆ ನನ್ನ ದೋಣಿಯ ಆ ಕಡೆಗೂ ನಾಲ್ಕು ದೀಪ ಕಟ್ಟಿಬಿಡಿ. ತಿರುಗಿಸೋ ಕಷ್ಟ ತಪ್ಪುತ್ತೆ!"